ಕಟ್ಟಿನಕೆರೆ ಮಾರುಕಟ್ಟೆ ಪಕ್ಕದ ಮುದ್ದೆ ಮೆಸ್: ತಟ್ಟೆಯಲ್ಲಿ ಏನಿದೆ, ಮೈಗೆ ಎಷ್ಟು ಹತ್ತುತ್ತೆ

ಮೊದಲೇ ಹೇಳಿಬಿಡುತ್ತೇನೆ. ಹಾಸನದಲ್ಲಿ ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ ಊಟ ಬೇಕು, ಉಂಡಿದ್ದು ಮೈಗೂ ಹತ್ತಬೇಕು ಅನ್ನುವವರು ಕಟ್ಟಿನಕೆರೆ ಮಾರುಕಟ್ಟೆ ಪಕ್ಕದ ಓಣಿಯಲ್ಲಿರುವ ಈ ಸಣ್ಣ ಮೆಸ್‌ಗೆ ಹೋಗಿ. ಹೆಸರಿನ ಬೋರ್ಡ್ ಇಲ್ಲ. 'ಮುದ್ದೆ ಊಟ ಸಿದ್ಧವಿದೆ' ಅಂತ ಬಣ್ಣದಲ್ಲಿ ಬರೆದ ಒಂದು ಹಲಗೆ ಇದೆ, ಅಷ್ಟೇ. ಗಲ್ಲಾದಲ್ಲಿ ಯಜಮಾನರು ಕೂರುತ್ತಾರೆ. ಒಲೆ ಮುಂದೆ ಅವರ ಹೆಂಡತಿ. ಬಂದವರೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು, ನಾನೂ ಅಷ್ಟೇ. ಆರು ಮೇಜು, ಸ್ಟೀಲ್ ತಟ್ಟೆ, ಅದರ ಮೇಲೆ ಬಾಳೆಎಲೆ ತುಂಡು.

ನಾನು ರುಚಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ರುಚಿ ಚೆನ್ನಾಗಿದೆ, ಹೋದರೆ ಗೊತ್ತಾಗುತ್ತೆ. ನನ್ನ ಕಣ್ಣು ಹೋಗುವುದೇ ಬೇರೆ ಕಡೆ. ಆರೋಗ್ಯ ಇಲಾಖೆಯಲ್ಲಿ ಮಹಿಳಾ ಆರೋಗ್ಯ ಸಹಾಯಕಿಯಾಗಿ ಆಲೂರು, ಸಕಲೇಶಪುರ, ಕೊನೆಗೆ ಅರಸೀಕೆರೆ ಕಡೆ ಉಪಕೇಂದ್ರಗಳಲ್ಲಿ ದುಡಿದು ನಿವೃತ್ತಳಾದವಳು ನಾನು. ಊರಿನವರಿಗೆ ಸಿಸ್ಟರ್, ಅಜ್ಜಿಯರಿಗೆ ನರ್ಸಮ್ಮ. ಬಸುರಿಯರಿಗೆ ಕಬ್ಬಿಣದ ಗುಳಿಗೆ ಕೊಡುವುದು, ಅದನ್ನು ತಿಂದರಾ ಅಂತ ಮನೆಮನೆಗೆ ಹೋಗಿ ಕೇಳುವುದು, ಇದೇ ನನ್ನ ಅರ್ಧ ಕೆಲಸ. ಮಲ ಕಪ್ಪಗೆ ಹೋಗುತ್ತೆ ಅಂತ ಹೆದರಿ ಗುಳಿಗೆಯನ್ನು ಹಿತ್ತಲಿಗೆ ಎಸೆದವರನ್ನು ನೋಡಿದ್ದೇನೆ. ಹುಟ್ಟುವ ಮಗು ಕಪ್ಪಾಗುತ್ತೆ ಅಂತ ಸೊಸೆಯ ಕೈಯಿಂದ ಗುಳಿಗೆ ಕಿತ್ತುಕೊಂಡ ಅತ್ತೆಯರನ್ನೂ ನೋಡಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹಾಗಿರುವಾಗ ಒಂದು ಊಟದ ಮನೆಯನ್ನು ಕಬ್ಬಿಣ, ಸುಣ್ಣದಂಶ (ಕ್ಯಾಲ್ಸಿಯಂ), ಸತು (ಜಿಂಕ್), ಅಯೋಡಿನ್ ಲೆಕ್ಕದಲ್ಲಿ ನೋಡದೆ ಇರುವುದು ನನ್ನಿಂದ ಆಗುವುದಿಲ್ಲ.

ಮುದ್ದೆಯಿಂದಲೇ ಶುರು ಮಾಡೋಣ. ಇಲ್ಲಿ ರಾಗಿ ಅರಸೀಕೆರೆ ಕಡೆಯಿಂದ ಬರುತ್ತೆ. ಅಕ್ಕ ಅದನ್ನು ಕೇರಿ, ಕಲ್ಲು ಆರಿಸಿ, ತೊಳೆದು ಒಣಗಿಸಿ ಮಿಲ್ಲಿಗೆ ಕಳಿಸುತ್ತಾರೆ. ಹಿಟ್ಟು ಬಂದ ಮೇಲೆ ಸಣ್ಣ ಜರಡಿ ಹಿಡಿಯುವುದಿಲ್ಲ. ಅದಕ್ಕೇ ಮುದ್ದೆ ಸ್ವಲ್ಪ ಕಪ್ಪಗಿರುತ್ತೆ. ಇದು ನನಗೆ ತುಂಬ ಇಷ್ಟವಾದ ವಿಷಯ. ರಾಗಿಯ ಸುಣ್ಣದಂಶದಲ್ಲಿ ದೊಡ್ಡ ಪಾಲು ಇರುವುದು ಕಾಳಿನ ಹೊರಪದರದಲ್ಲೇ. ಈಗ ಅಂಗಡಿಯಲ್ಲಿ ಸಿಗುವ ನುಣುಪಾದ, ಬೆಳ್ಳಗಿನ ರಾಗಿಹಿಟ್ಟಿನಲ್ಲಿ ಆ ಪದರವನ್ನೇ ತೆಗೆದಿರುತ್ತಾರೆ. ನೋಡಲು ಚೆಂದ, ಆದರೆ ರಾಗಿ ಯಾಕೆ ತಿನ್ನುತ್ತೇವೋ ಅದೇ ಹೋಗಿಬಿಟ್ಟಿರುತ್ತೆ.

ಮುದ್ದೆ ಕಟ್ಟುವುದನ್ನು ಕಿಟಕಿಯಿಂದ ನೋಡಬಹುದು. ನೀರು ಕುದಿಯುವಾಗ ಮೊದಲು ಒಂದು ಹಿಡಿ ಹಿಟ್ಟು ಕಲಸಿ ಗಂಜಿ ಮಾಡುತ್ತಾರೆ. ಆಮೇಲೆ ಹಿಟ್ಟನ್ನು ಗುಡ್ಡದ ಹಾಗೆ ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, ಮುಚ್ಚಿ ಬೇಯಲು ಬಿಡುತ್ತಾರೆ. ಅವಸರ ಇಲ್ಲ. ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ ಕೋಲು ಹಾಕಿ ತಿರುವುವಾಗ ಅಕ್ಕನ ತೋಳಿನ ನರ ಎದ್ದು ಕಾಣುತ್ತೆ. ಒಂದು ಗಂಟೂ ಇರುವುದಿಲ್ಲ. ತಟ್ಟೆಗೆ ಬಂದಾಗ ಬೆರಳಿಗೆ ಅಂಟುವುದಿಲ್ಲ, ಮುರಿದರೆ ಒಳಗಿಂದ ಹಬೆ.

ಗಲ್ಲಾದ ಹಿಂದಿನ ಗೋಡೆಯ ಮೇಲೆ ಒಂದು ಫ್ಲೆಕ್ಸ್ ಇದೆ. 'ರಾಗಿಯಲ್ಲಿ ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ' ಅಂತ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಒಣ ಹಿಟ್ಟು 100 ಗ್ರಾಂ ತೂಗಿದರೆ ಅದರಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇರುತ್ತೆ. ಹಸುವಿನ ಹಾಲು 100 ಮಿಲಿಲೀಟರ್‌ನಲ್ಲಿ 120ರ ಆಸುಪಾಸು. ಆದರೆ ಮುದ್ದೆಯಲ್ಲಿ ಮೂರರಲ್ಲಿ ಎರಡು ಪಾಲು ನೀರೇ ಅಲ್ವಾ? ಇಲ್ಲಿನ ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು ಹೋಗುತ್ತೆ. ಅಂದರೆ ಒಂದು ಮುದ್ದೆಯಲ್ಲಿ 350ರಷ್ಟು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1,000 ಮಿಲಿಗ್ರಾಂ. ಒಂದು ಊಟಕ್ಕೆ ಮೂರನೇ ಒಂದು ಭಾಗ ಬಂದರೆ ಅದು ಬಹಳ ಒಳ್ಳೆಯ ಲೆಕ್ಕವೇ.

ಫ್ಲೆಕ್ಸ್ ಹೇಳದೆ ಬಿಟ್ಟ ಇನ್ನರ್ಧ ಮಾತು ಇಲ್ಲಿದೆ. ರಾಗಿಯಲ್ಲಿ ಫೈಟೇಟ್ ಅನ್ನುವ ಒಂದು ಪದಾರ್ಥ ಇದೆ. ಕಾಳು ತನ್ನ ರಂಜಕವನ್ನು (ಫಾಸ್ಫರಸ್) ಕೂಡಿಡುವುದು ಈ ರೂಪದಲ್ಲಿ. ಅದು ನಮ್ಮ ಹೊಟ್ಟೆಯಲ್ಲಿ ಸುಣ್ಣದಂಶ, ಕಬ್ಬಿಣ, ಸತು ಮೂರನ್ನೂ ಕಟ್ಟಿಹಾಕಿ, ಮೈಗೆ ಸೇರಲು ಬಿಡದೆ ಹೊರಗೆ ಕಳಿಸಿಬಿಡುತ್ತೆ. ಹಾಗಾಗಿ ರಾಗಿಯ ಸುಣ್ಣದಂಶ ಹಾಲಿನದ್ದಷ್ಟು ಸಲೀಸಾಗಿ ಮೈ ಸೇರುವುದಿಲ್ಲ. ಇಷ್ಟಕ್ಕೇ ರಾಗಿ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ದಿನಾ ಮುದ್ದೆ ಉಂಡು ಹೊಲದಲ್ಲಿ ದುಡಿದ ನಮ್ಮ ಹಿರಿಯರ ಮೂಳೆ ಸುಮ್ನೆ ಗಟ್ಟಿಯಾಗಲಿಲ್ಲ. ಮುದ್ದೆ ಜೊತೆಗೆ ಏನು ಉಣ್ಣುತ್ತೇವೆ, ಅದನ್ನು ಹೇಗೆ ಬೇಯಿಸುತ್ತೇವೆ ಅನ್ನುವುದನ್ನು ನೋಡಬೇಕು ಅಂತಷ್ಟೇ ನನ್ನ ಮಾತು. ಈ ಮೆಸ್ ಗೆಲ್ಲುವುದು ಅಲ್ಲೇ.

ಹುರುಳಿಕಾಳು ಬಸ್ಸಾರು ಮಾಡುವ ದಿನ ಬೆಳಗ್ಗೆ ಬೇಗ ಹೋಗಿ ಅಡುಗೆಮನೆಗೆ ಇಣುಕಿದ್ದೆ. ಅಕ್ಕ ನಲ್ಲಿಗೆ ಕಟ್ಟಿದ್ದ ಒದ್ದೆ ಪಂಚೆ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಹುರುಳಿ. ಪ್ರತಿ ಕಾಳಿಗೂ ಬೆಳ್ಳಗೆ ಮೊಳಕೆ, ಕಾಳಿನ ಉದ್ದಕ್ಕಿಂತ ಚೂರು ಜಾಸ್ತಿ. ಮೂಗಿನ ಹತ್ತಿರ ಹಿಡಿದರೆ ಹಸಿ ಮಣ್ಣಿನ ವಾಸನೆ.

"ಅಕ್ಕ, ಮೊಳಕೆ ಬರಿಸೋದು ಯಾಕೆ? ನೇರ ಕುಕ್ಕರಿಗೆ ಹಾಕಿದ್ರೂ ಬೇಯುತ್ತಲ್ಲ?" ಅಂತ ಕೇಳಿದೆ.

"ಬೇಯುತ್ತೆ ಸಿಸ್ಟರ್. ಆದ್ರೆ ಹೊಟ್ಟೆ ಉಬ್ಬರ ಬರುತ್ತೆ ಅಂತ ನಮ್ಮತ್ತೆ ಬಿಡ್ತಿರ್ಲಿಲ್ಲ. ಅದೇ ರೂಢಿ."

ಅವರ ಅತ್ತೆ ಹೊಟ್ಟೆ ಉಬ್ಬರಕ್ಕೆ ಮಾಡಿದ್ದು ಕಬ್ಬಿಣಕ್ಕೂ ಸತುವಿಗೂ ಒಳ್ಳೆಯದಾಯಿತು. ಕಾಳು ನೆನೆದು ಮೊಳೆಯುವಾಗ ಅದರೊಳಗೇ ಒಂದು ಕಿಣ್ವ ಎಚ್ಚರಾಗುತ್ತೆ. ಗಿಡಕ್ಕೆ ರಂಜಕ ಬೇಕಲ್ಲ, ಅದಕ್ಕಾಗಿ ಫೈಟೇಟನ್ನು ಒಡೆಯುತ್ತೆ. ಕಟ್ಟಿಹಾಕಿಸಿಕೊಂಡಿದ್ದ ಸತು, ಕಬ್ಬಿಣ ಬಿಡುಗಡೆ ಆಗುತ್ತೆ. ಇಡ್ಲಿ ಹಿಟ್ಟು ಹುದುಗಿದಾಗಲೂ ಫೈಟೇಟ್ ಹೀಗೆಯೇ ಕಡಿಮೆಯಾಗುತ್ತೆ. ಮಕ್ಕಳಿಗೆ ಮೊಳಕೆ ಬರಿಸಿದ ರಾಗಿಯ ಸರಿ (ಗಂಜಿ) ಮಾಡಿ ಅಂತ ನಾನು ತಾಯಂದಿರಿಗೆ ಹೇಳುತ್ತಿದ್ದದ್ದೂ ಇದೇ ಕಾರಣಕ್ಕೆ.

ಸತುವಿನ ಬಗ್ಗೆ ಜನರಿಗೆ ಗೊತ್ತಿರುವುದು ಬಹಳ ಕಡಿಮೆ. ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಪೊಟ್ಟಣದ ಜೊತೆ ಸತುವಿನ ಗುಳಿಗೆ ಕೊಡುತ್ತೇವೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತ ತಕ್ಷಣ ತಾಯಂದಿರು ಗುಳಿಗೆ ನಿಲ್ಲಿಸಿಬಿಡುತ್ತಾರೆ. ಪೂರ್ತಿ ಕೊಟ್ಟರೆ ಮುಂದಿನ ಕೆಲವು ತಿಂಗಳು ಭೇದಿ ಮತ್ತೆ ಬರುವುದೂ ಕಡಿಮೆ ಅಂತ ಎಷ್ಟು ಸಲ ಹೇಳಿದ್ದೇನೋ. ಮನುಷ್ಯರಿಗೆ ಸತುವಿನ ಕೊರತೆ ಆಗುತ್ತೆ ಅನ್ನುವುದನ್ನು ಮೊದಲು ಹಿಡಿದವರು ನಮ್ಮ ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. 1950ರ ದಶಕದ ಕೊನೆಯಲ್ಲಿ ಇರಾನಿನ ಶಿರಾಜ್‌ನಲ್ಲಿ, ವಯಸ್ಸಿಗೆ ಬಂದರೂ ಹುಡುಗರಂತೆ ಕುಳ್ಳಗೆ ಉಳಿದಿದ್ದ ಯುವಕರನ್ನು ಅವರು ನೋಡಿದರು. ಆ ಯುವಕರ ಊಟ ಅಂದರೆ ಬಹುಪಾಲು ಗೋಧಿ ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಅಭ್ಯಾಸ. ಹೊಟ್ಟೆ ತುಂಬುತ್ತಿತ್ತು, ಸತು ಮಾತ್ರ ಮೈಗೆ ಸೇರುತ್ತಿರಲಿಲ್ಲ.

ಮಣ್ಣು ತಿನ್ನುವುದು ಅಂದಾಗ ಇಲ್ಲೇ ಹೇಳಬೇಕಾದ ಒಂದು ವಿಷಯ ಇದೆ. ಈ ಮೆಸ್‌ನಲ್ಲಿ ಸೊಪ್ಪು ಬಿಡಿಸಿ ತೊಳೆದುಕೊಡುವ ಒಂದು ಹುಡುಗಿ ಇದ್ದಾಳೆ. ಒಮ್ಮೆ ದಂಟಿನ ಸೊಪ್ಪು ಬಿಡಿಸುತ್ತಾ ಏನೋ ಕಟಕಟ ಕಡಿಯುತ್ತಿದ್ದಳು. ಕೈ ನೋಡಿದರೆ ಬಳಪದ ಚೂರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಪೂರ್ತಿ ಬಿಳಿ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ ಅಂದೆ. ಬರುತ್ತೆ ಆಂಟಿ ಅಂದಳು. ಬಳಪ, ಹಸಿ ಅಕ್ಕಿ, ಕೆಮ್ಮಣ್ಣು ತಿನ್ನಬೇಕು ಅನ್ನಿಸುವುದು ಎಷ್ಟೋ ಸಲ ಕಬ್ಬಿಣದ ಕೊರತೆಯ ಗುರುತು. ಅದನ್ನು ಕೆಟ್ಟ ಚಟ ಅಂತ ಬೈದು ಬಿಡುತ್ತಾರೆ, ರಕ್ತ ಪರೀಕ್ಷೆ ಮಾಡಿಸುವುದಿಲ್ಲ. ಯಜಮಾನರಿಗೆ ಹೇಳಿದೆ. ಅವರು ಮರುದಿನವೇ ತಮ್ಮ ಖರ್ಚಿನಲ್ಲಿ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 8ರ ಹತ್ತಿರ ಇತ್ತು. ಬಸುರಿಯಲ್ಲದ ಹೆಂಗಸರಿಗೆ 12 ಇರಬೇಕು. ಈಗ ವೈದ್ಯರು ಬರೆದುಕೊಟ್ಟ ಗುಳಿಗೆ ನುಂಗುತ್ತಿದ್ದಾಳೆ, ಜಂತುಹುಳುವಿನ ಮಾತ್ರೆಯೂ ಆಯಿತು. ಅಷ್ಟು ಕೆಳಗೆ ಇಳಿದ ಮೇಲೆ ಊಟ ಒಂದರಿಂದಲೇ ಮೇಲೆ ತರಲು ಆಗುವುದಿಲ್ಲ, ಗುಳಿಗೆ ಬೇಕೇ ಬೇಕು. ಮೆಸ್ ಬಗ್ಗೆ ಬರೆಯುವಾಗ ಇದೆಲ್ಲ ಯಾಕೆ ಅಂತ ಕೇಳಬಹುದು. ಕೆಲಸದವರನ್ನು ಹೀಗೆ ನೋಡಿಕೊಳ್ಳುವ ಜಾಗಕ್ಕೆ ನನ್ನ ದುಡ್ಡು ಹೋಗಲಿ ಅನ್ನುವುದು ನನ್ನ ಆಸೆ, ಅದಕ್ಕೆ.

ಮತ್ತೆ ಬಸ್ಸಾರಿಗೆ ಬರೋಣ. ಸೊಪ್ಪು, ಕಾಳು ಎರಡನ್ನೂ ಬೇಯಿಸಿ, ನೀರು ಬಸಿದು, ಬಸಿದ ಆ ನೀರಿಗೆ ಮಸಾಲೆ ರುಬ್ಬಿ ಹಾಕಿ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ನಮ್ಮ ಸೀಮೆಯ ಈ ಅಡುಗೆಯ ಬುದ್ಧಿವಂತಿಕೆಗೆ ನಾನು ತಲೆಬಾಗುತ್ತೇನೆ. ಸೊಪ್ಪು ತರಕಾರಿ ಬೇಯಿಸಿದಾಗ ಪೊಟ್ಯಾಸಿಯಂ ಬಹಳಷ್ಟು ನೀರಿಗೆ ಇಳಿಯುತ್ತೆ, ಮೆಗ್ನೀಸಿಯಂ ಸ್ವಲ್ಪ ಇಳಿಯುತ್ತೆ. ಆ ನೀರು ಚೆಲ್ಲಿದರೆ ಅದೆಲ್ಲ ಮೋರಿಗೆ. ಬಸ್ಸಾರಿನಲ್ಲಿ ಒಂದು ತೊಟ್ಟೂ ಚೆಲ್ಲುವುದಿಲ್ಲ. ಪೊಟ್ಯಾಸಿಯಂ ಸಾಕಷ್ಟು ಸಿಕ್ಕರೆ ರಕ್ತದೊತ್ತಡ ಹತೋಟಿಗೆ ಸಹಾಯ ಆಗುತ್ತೆ. ಉಪ್ಪಿನ ಸೋಡಿಯಂ ಒತ್ತಡ ಏರಿಸುತ್ತೆ, ಪೊಟ್ಯಾಸಿಯಂ ಆ ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತೆ. ದಿನಕ್ಕೆ ಮೂರೂವರೆ ಗ್ರಾಂ ಪೊಟ್ಯಾಸಿಯಂ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಬರೀ ಅನ್ನ ತಿಳಿಸಾರು ಉಂಡವರಿಗೆ ಅದರ ಅರ್ಧವೂ ಸಿಗುವುದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನಿಸಿ. ಕಿಡ್ನಿ ತೊಂದರೆ ಇರುವವರು, ಅದರಲ್ಲೂ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಈ ಬಸ್ಸಾರನ್ನು ಮುಟ್ಟಬೇಡಿ. ಅವರ ಮೈಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗದೆ ಉಳಿದುಕೊಂಡು ಹೃದಯದ ಬಡಿತವನ್ನೇ ಕೆಡಿಸಬಹುದು. ಅವರಿಗೆ ಬೇಕಾದದ್ದು ಬೇಯಿಸಿದ ನೀರು ಚೆಲ್ಲಿದ ತರಕಾರಿ. ಎಳನೀರಿಗೂ ಇದೇ ಮಾತು. ಒಳ್ಳೆಯದು ಅಂತ ಆಸ್ಪತ್ರೆಗೆ ಎಳನೀರು ತೆಗೆದುಕೊಂಡು ಹೋಗುವ ನೆಂಟರು ಮೊದಲು ವೈದ್ಯರನ್ನು ಕೇಳಬೇಕು.

ಪಲ್ಯಕ್ಕೆ ಒಗ್ಗರಣೆ ಹಾಕುವುದು ಕಬ್ಬಿಣದ ಬಾಣಲೆಯಲ್ಲಿ. ಕಪ್ಪಗೆ, ಭಾರವಾಗಿ, ಅಂಚು ಸವೆದಿರುವ ಹಳೇ ಬಾಣಲೆ. ಹುಳಿ ಇರುವ ಅಡುಗೆ ಕಬ್ಬಿಣದ ಪಾತ್ರೆಯಲ್ಲಿ ಕುದಿದರೆ ಪಾತ್ರೆಯ ಕಬ್ಬಿಣ ಸ್ವಲ್ಪ ಅಡುಗೆಗೆ ಇಳಿಯುತ್ತೆ. ಹಾಗಾಗಿ ಅವರು ಗೊಜ್ಜನ್ನೂ ಅದರಲ್ಲೇ ಮಾಡಿದರೆ ಇನ್ನೂ ಚೆನ್ನ. ಈಗ ಗೊಜ್ಜು ಸ್ಟೀಲ್ ಪಾತ್ರೆಯಲ್ಲಿ ಆಗುತ್ತೆ. ಬಣ್ಣ ಕಪ್ಪಾದರೆ ಗಿರಾಕಿಗಳು ಕೇಳುತ್ತಾರೆ ಅಂತ ಅಕ್ಕನ ಅಂಜಿಕೆ.

ಸೊಪ್ಪಿನ ವಿಷಯದಲ್ಲಿ ಒಂದು ಮಾತು. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣ ತುಂಬಿ ತುಳುಕುತ್ತೆ ಅನ್ನುವ ನಂಬಿಕೆ ಇದೆ, ಅದು ಅತಿಯಾದ ಮಾತು. ಅದರ ಸುಣ್ಣದಂಶವನ್ನೂ ನಂಬಿಕೊಳ್ಳುವ ಹಾಗಿಲ್ಲ, ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನುವ ಪದಾರ್ಥ ಜಾಸ್ತಿ. ಅದು ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತೆ, ಮೈಗೆ ಸಿಗುವುದು ಚೂರೇ. ಈ ಮೆಸ್‌ನವರು ಮಾರುಕಟ್ಟೆಯಲ್ಲಿ ಆ ದಿನ ಯಾವುದು ತಾಜಾ ಸಿಗುತ್ತೋ ಅದನ್ನು ತರುತ್ತಾರೆ. ದಂಟು, ಹೊನಗೊನೆ, ಮೆಂತ್ಯ, ನುಗ್ಗೆ, ಮಳೆ ಬಿದ್ದ ಮೇಲೆ ಹಳ್ಳಿ ಹೆಂಗಸರು ತರುವ ಬೆರಕೆ ಸೊಪ್ಪು. ನುಗ್ಗೆಸೊಪ್ಪಿನ ದಿನ ಬಿಡಬೇಡಿ. 100 ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಂ ದಾಟಿ ಸುಣ್ಣದಂಶ ಇರುತ್ತೆ. ಬಿಡಿಸುವುದು ಬೇಸರದ ಕೆಲಸ ಅಂತ ಮನೆಯಲ್ಲಿ ಯಾರೂ ಮಾಡುವುದಿಲ್ಲ, ಇಲ್ಲಾದರೂ ತಿನ್ನಿ.

ತಟ್ಟೆಯ ಮೂಲೆಯಲ್ಲಿ ಹಸಿ ಈರುಳ್ಳಿ, ಒಂದು ಹೋಳು ನಿಂಬೆಹಣ್ಣು. ತಿನ್ನುವವರು ಬಹಳ ಜನ ಇದನ್ನು ಹಾಗೇ ಬಿಟ್ಟು ಏಳುತ್ತಾರೆ. ನೋಡಿದರೆ ನನಗೆ ಸಂಕಟವಾಗುತ್ತೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣ ಮಾಂಸದ ಕಬ್ಬಿಣದಂತಲ್ಲ, ಮೈಗೆ ಸೇರುವುದು ತುಂಬ ಕಡಿಮೆ. ಅದನ್ನು ಜಾಸ್ತಿ ಮಾಡುವ ಸುಲಭದ ದಾರಿ ಅಂದರೆ ಅದೇ ಊಟದಲ್ಲಿ ವಿಟಮಿನ್ ಸಿ. ಕುದಿಯುವ ಸಾರಿಗೆ ನಿಂಬೆ ಹಿಂಡಿದರೆ ಬಿಸಿಗೆ ಒಂದಷ್ಟು ಹಾಳಾಗುತ್ತೆ. ತಟ್ಟೆಗೆ ಬಡಿಸಿದ ಮೇಲೆ ಪಲ್ಯದ ಮೇಲೆ ಹಿಂಡಿಕೊಳ್ಳಿ. ಈರುಳ್ಳಿ ಬಗ್ಗೆ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳೇ ಕೆಲಸ ಮಾಡಿದ್ದಾರೆ. ಧಾನ್ಯ, ಕಾಳುಗಳ ಜೊತೆ ಈರುಳ್ಳಿ, ಬೆಳ್ಳುಳ್ಳಿ ಇದ್ದರೆ ಅವುಗಳ ಕಬ್ಬಿಣ, ಸತು ಜಾಸ್ತಿ ಬಿಡುಗಡೆ ಆಗುತ್ತೆ ಅಂತ 2010ರಲ್ಲಿ ಪ್ರಕಟಿಸಿದರು. ಅದು ಪ್ರಯೋಗಾಲಯದ ಲೆಕ್ಕ, ಮನುಷ್ಯರ ಮೇಲೆ ಅಳೆದದ್ದಲ್ಲ. ಆದರೂ ಈರುಳ್ಳಿ ನಂಚಿಕೊಳ್ಳುವ ನಮ್ಮ ರೂಢಿಗೆ ಅದು ಒಳ್ಳೆಯ ಸಮರ್ಥನೆ.

ಹುಚ್ಚೆಳ್ಳು ಪುಡಿ ಕೇಳಿದರೆ ಕೊಡುತ್ತಾರೆ, ತಾವಾಗಿ ಬಡಿಸುವುದಿಲ್ಲ. ಕೇಳಿ ಹಾಕಿಸಿಕೊಳ್ಳಿ. ಮಜ್ಜಿಗೆ ಗಟ್ಟಿಯಾಗಿಯೇ ಇರುತ್ತೆ, ನೀರು ಬೆರೆಸಿದ, ಹೆಸರಿಗಷ್ಟೇ ಮಜ್ಜಿಗೆ ಅನ್ನುವಂಥದ್ದಲ್ಲ.

ಇನ್ನು ನನಗೆ ಹಿಡಿಸದ ವಿಷಯಗಳು.

ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಯಜಮಾನರು ಪ್ರೀತಿಯಿಂದ ಅರ್ಧ ಲೋಟ ಕಾಫಿ ಕೊಡುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಕಾಫಿ ಸೀಮೆ, ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ಕಾಫಿ, ಟೀ ಎರಡರಲ್ಲೂ ಇರುವ ಒಗರಿನ ಅಂಶ ಊಟದ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತೆ. ಟೀ ಇನ್ನೂ ಜಾಸ್ತಿ, ಊಟದ ಜೊತೆ ಕುಡಿದರೆ ಅರ್ಧಕ್ಕಿಂತ ಹೆಚ್ಚು ಕಬ್ಬಿಣ ಕೈತಪ್ಪಬಹುದು. ಅಕ್ಕ ರಾತ್ರಿಯಿಡೀ ಮೊಳಕೆ ಕಟ್ಟಿ, ಸೊಪ್ಪು ಬೇಯಿಸಿ, ನಿಂಬೆ ಇಟ್ಟು ಸಂಪಾದಿಸಿದ್ದನ್ನು ಆ ಅರ್ಧ ಲೋಟ ಕಾಫಿ ವಾಪಸ್ ಕಿತ್ತುಕೊಳ್ಳುತ್ತೆ. ಕುಡಿಯಲೇಬೇಕಾದರೆ ಒಂದೆರಡು ಗಂಟೆ ಬಿಟ್ಟು ಕುಡಿಯುವುದು ಒಳ್ಳೆಯದು. "ಕಾಫಿ ಬದಲು ಒಂದು ಚೂರು ಸೀಬೆಹಣ್ಣೋ ನೆಲ್ಲಿಕಾಯೋ ಕೊಡಿ ಅಣ್ಣ" ಅಂತ ಹೇಳಿದ್ದೇನೆ. "ಬಂದವರಿಗೆ ಕಾಫಿ ಕೊಡದೆ ಕಳಿಸೋದು ಹೆಂಗೆ ಸಿಸ್ಟರ್?" ಅನ್ನುತ್ತಾರೆ. ಅವರ ಮನಸ್ಸು ದೊಡ್ಡದು. ಆದರೂ ಹರೆಯದ ಹೆಣ್ಣುಮಕ್ಕಳು, ಬಸುರಿಯರು, ಬಾಣಂತಿಯರು ಬಂದಾಗಲಾದರೂ ಕೊಡಬಾರದು ಅನ್ನುವುದು ನನ್ನ ಹಟ.

ಎರಡನೆಯದು ಉಪ್ಪು, ಇದು ನನಗೆ ಕಾಫಿಗಿಂತ ದೊಡ್ಡದು. ಮೇಜಿನ ಮೇಲಿನ ಪುಡಿ ಉಪ್ಪು ಅಯೋಡಿನ್ ಸೇರಿದ್ದು. ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತು ನೋಡಿದೆ. ಆದರೆ ಸಾರಿಗೆ ಹಾಕುವುದು ಮೂಲೆಯಲ್ಲಿದ್ದ ಚೀಲದ ಕಲ್ಲುಪ್ಪು. ಅದರ ಮೇಲೆ ಅಯೋಡಿನ್ ಬಗ್ಗೆ ಒಂದಕ್ಷರ ಇರಲಿಲ್ಲ. ಊಟಕ್ಕೆ ಬಳಸಲು ಅಯೋಡಿನ್ ಇಲ್ಲದ ಉಪ್ಪು ಮಾರಬಾರದು ಅನ್ನುವ ನಿಯಮ 2006ರಿಂದ ದೇಶದಾದ್ಯಂತ ಇದೆ. ಆದರೂ ಸಿಗುತ್ತೆ. ಈಗ ಗುಲಾಬಿ ಬಣ್ಣದ ಉಪ್ಪು, ಸೈಂಧವ ಉಪ್ಪು ಅಂತ ಹೆಚ್ಚು ದುಡ್ಡು ಕೊಟ್ಟು ತರುವ ಮನೆಗಳೂ ಇವೆ. ಅವುಗಳಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ.

ಸಕಲೇಶಪುರದ ಕಡೆ ಕೆಲಸ ಮಾಡುವಾಗ ಕತ್ತಿನಲ್ಲಿ ಗಳಗಂಡ ಇದ್ದ ಅಜ್ಜಿಯರನ್ನು ನೋಡಿದ್ದೇನೆ. ಸೆರಗು ಸುತ್ತಿ ಮುಚ್ಚಿಕೊಳ್ಳುತ್ತಿದ್ದರು. ಮಳೆ ಜಾಸ್ತಿ ಬೀಳುವ ಬೆಟ್ಟದ ಸೀಮೆಗಳಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿಹೋಗುತ್ತೆ, ಅಲ್ಲಿ ಬೆಳೆದದ್ದರಲ್ಲೂ ಕಡಿಮೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಮಾತ್ರ. ಇಡೀ ಬದುಕಿಗೆ ಕೂಡಿಸಿದರೂ ಒಂದು ಟೀ ಚಮಚದಷ್ಟು. ಅಷ್ಟು ಸಿಗದಿದ್ದರೆ ಕತ್ತು ಬಾಯುವುದೊಂದೇ ಅಲ್ಲ. ಬಸುರಿಗೆ ತೀರಾ ಕೊರತೆಯಾದರೆ ಹುಟ್ಟುವ ಮಗುವಿನ ಮಿದುಳಿನ ಬೆಳವಣಿಗೆಯೇ ಕುಂಠಿತವಾಗುತ್ತೆ. ಅದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಅಯೋಡಿನ್ ಉಪ್ಪು ಕೊಟ್ಟು ಗಳಗಂಡ ಕಡಿಮೆಯಾಗುವುದನ್ನು ತೋರಿಸಲು ಶುರುಮಾಡಿದರು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಬಂತು. ಇಷ್ಟೆಲ್ಲ ಆದ ಮೇಲೂ ಹಾಸನದ ನಡುಮಧ್ಯದ ಅಡುಗೆಮನೆಯಲ್ಲಿ ಆ ಚೀಲ ನೋಡಿ ನನಗೆ ಬೇಜಾರಾಯಿತು. ಅಯೋಡಿನ್ ಸೇರಿದ ಹರಳುಪ್ಪು ಸಿಗುತ್ತೆ, ಅದನ್ನು ತನ್ನಿ, ಸಾರು ಕುದಿದ ಮೇಲೆ ಕೊನೆಗೆ ಹಾಕಿ, ಡಬ್ಬಿ ಮುಚ್ಚಿಡಿ ಅಂತ ಹೇಳಿ ಬಂದೆ. ಈ ಚೀಲ ಖಾಲಿಯಾದ ಮೇಲೆ ಬದಲಾಯಿಸುತ್ತೇನೆ ಅಂದರು. ನೀವು ಹೋದಾಗ ನೀವೂ ಒಂದು ಮಾತು ಕೇಳಿ. ಗಿರಾಕಿ ಕೇಳಿದರೆ ಬೇಗ ಆಗುತ್ತೆ.

ಉಪ್ಪಿನಕಾಯಿ, ಹಪ್ಪಳ, ಉಪ್ಪುಮೆಣಸಿನಕಾಯಿ ಮೂರನ್ನೂ ಒಂದೇ ತಟ್ಟೆಗೆ ಹಾಕುತ್ತಾರೆ. ದಿನಕ್ಕೆ ಐದು ಗ್ರಾಂ ಉಪ್ಪಿಗಿಂತ ಕಡಿಮೆ ಇರಬೇಕು, ಹೆಚ್ಚುಕಡಿಮೆ ಒಂದು ಟೀ ಚಮಚ. ಆ ಮೂರನ್ನೂ ತಿಂದರೆ ಒಂದು ಊಟಕ್ಕೇ ಅರ್ಧಕ್ಕಿಂತ ಜಾಸ್ತಿ ಆಗಬಹುದು. ಬಿಪಿ ಇರುವವರು ಬಡಿಸುವಾಗಲೇ ಕೈ ಅಡ್ಡ ಹಿಡಿಯಿರಿ.

ಕುಡಿಯುವ ನೀರು ಶುದ್ಧ ನೀರಿನ ಘಟಕದ ಕ್ಯಾನ್‌ನದು. ಅಂತಹ ನೀರಿನಲ್ಲಿ ಖನಿಜವೆಲ್ಲ ಹೋಗಿರುತ್ತಲ್ಲ ಅಂತ ಪಕ್ಕದ ಮೇಜಿನವರೊಬ್ಬರು ವಾದ ಮಾಡುತ್ತಿದ್ದರು. ಹೌದು, ಸುಣ್ಣದಂಶ, ಮೆಗ್ನೀಸಿಯಂ ಬಹುಪಾಲು ಹೋಗುತ್ತೆ. ಆದರೆ ನಮಗೆ ಖನಿಜ ಮುಖ್ಯವಾಗಿ ಸಿಗುವುದು ಊಟದಿಂದ. ಅರಸೀಕೆರೆ ಕಡೆ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದು ಗೆರೆ ಬಿದ್ದ ಶಾಲೆ ಮಕ್ಕಳ ಬಾಯಿ ನೋಡಿದವಳಿಗೆ ಶುದ್ಧ ನೀರಿನ ಬೆಲೆ ಗೊತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ಸುಣ್ಣದಂಶ ಕಡಿಮೆ ತಿನ್ನುವ ಮಕ್ಕಳಿಗೆ ಫ್ಲೋರೈಡಿನ ಹೊಡೆತ ಇನ್ನೂ ಜೋರು. ಹಾಗಾಗಿ ಆ ಸೀಮೆಯಲ್ಲಿ ಒಳ್ಳೆ ನೀರೂ ಬೇಕು, ರಾಗಿ, ಹಾಲೂ ಬೇಕು.

ಬುಧವಾರ, ಭಾನುವಾರ ಬಾಡೂಟ. ನಾಟಿಕೋಳಿ ಸಾರು, ಲಿವರ್ ಫ್ರೈ, ಕಾಲು ಸೂಪ್. ರಕ್ತ ಕಡಿಮೆ ಇರುವವರು, ಮಾಂಸ ತಿನ್ನುವವರಾದರೆ, ಲಿವರ್ ತಿನ್ನಿ. ಅದರ ಕಬ್ಬಿಣ ಮೈಗೆ ಚೆನ್ನಾಗಿ ಸೇರುತ್ತೆ. ಜೊತೆಗಿರುವ ಸೊಪ್ಪು ಕಾಳಿನ ಕಬ್ಬಿಣವನ್ನೂ ಎಳೆದು ತರುತ್ತೆ. ಬಸುರಿಯರು ಮಾತ್ರ ಬೇಡ, ಲಿವರ್‌ನಲ್ಲಿ ವಿಟಮಿನ್ ಎ ವಿಪರೀತ. ಕಾಲು ಸೂಪಿನ ಬಗ್ಗೆ ಬೇಸರದ ಸುದ್ದಿ ಹೇಳಬೇಕು. ಮೂಳೆ ಮುರಿದವರಿಗೆ ಅಂತ ಪಾತ್ರೆ ತಂದು ಕಟ್ಟಿಸಿಕೊಂಡು ಹೋಗುತ್ತಾರೆ. ಮೂಳೆಯ ಸುಣ್ಣ ನೀರಿಗೆ ಇಳಿಯುವುದು ತೀರಾ ಅಲ್ಪ. ಸುಣ್ಣದಂಶದ ಲೆಕ್ಕದಲ್ಲಿ ಇವರದೇ ಒಂದು ಲೋಟ ಗಟ್ಟಿ ಮಜ್ಜಿಗೆಗೆ ಅದು ಸಮ ಬರುವುದಿಲ್ಲ. ರುಚಿಗೆ ಕುಡಿಯಿರಿ. ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಒಣಮೀನು ಆದರೆ ಬೇರೆ ಮಾತು, ಅದರಲ್ಲಿ ನಿಜವಾಗಿ ಸುಣ್ಣದಂಶ ಇದೆ. ಇಲ್ಲಿ ಅದು ಅಪರೂಪಕ್ಕೆ ಸಿಗುತ್ತೆ.

ಗಲ್ಲಾ ಹತ್ತಿರ ಯಾರೋ ತಂದು ಇಟ್ಟಿರುವ ಖನಿಜದ ಪುಡಿ ಡಬ್ಬಿಗಳಿವೆ, 'ಎಲ್ಲ ಮಿನರಲ್ಸ್ ಒಂದೇ ಚಮಚದಲ್ಲಿ' ಅಂತ. ಕೊಳ್ಳಬೇಡಿ. ಸುಣ್ಣದಂಶ, ಕಬ್ಬಿಣ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತೆ. ಬಸುರಿಯರಿಗೆ ಎರಡೂ ಗುಳಿಗೆ ಕೊಡುವಾಗ ಬೇರೆ ಬೇರೆ ಹೊತ್ತಿಗೆ ತಿನ್ನಿ ಅಂತ ಹೇಳುವುದು ಅದಕ್ಕೇ. ದೊಡ್ಡವರ ಮೈಯಲ್ಲಿರುವ ಕಬ್ಬಿಣ ಒಟ್ಟು ಸೇರಿ ಮೂರ್ನಾಲ್ಕು ಗ್ರಾಂ. ಜಾಸ್ತಿಯಾದರೆ ಹೊರಗೆ ಹಾಕುವ ದಾರಿ ಮೈಗೆ ಸರಿಯಾಗಿ ಇಲ್ಲ. ಕೊರತೆ ಇದೆಯಾ ಅಂತ ಪರೀಕ್ಷೆ ಮಾಡಿಸದೆ ಯಾವ ಪುಡಿಯನ್ನೂ ನುಂಗಬೇಡಿ. ಇಷ್ಟು ಚೆನ್ನಾಗಿ ಬೇಯಿಸುವ ಮನೆಯಲ್ಲಿ ಆ ಡಬ್ಬಿಗಳು ಇರಲೇಬಾರದು.

ಊಟ 80 ರೂಪಾಯಿ. ಎರಡನೇ ಮುದ್ದೆಗೆ 15 ಜಾಸ್ತಿ, ಸಾರು ಎಷ್ಟು ಬೇಕಾದರೂ ಹಾಕುತ್ತಾರೆ. ಪಲ್ಯ ಮಾತ್ರ ಕೈಹಿಡಿದು ಬಡಿಸುತ್ತಾರೆ. ಕಬ್ಬಿಣ, ಸತು ಎಲ್ಲ ಇರುವುದೇ ಆ ಸೊಪ್ಪು ಕಾಳಿನಲ್ಲಿ, ಅದಕ್ಕೆ ಹತ್ತು ರೂಪಾಯಿ ಜಾಸ್ತಿ ತೆಗೆದುಕೊಂಡು ಇನ್ನೊಂದು ಸೌಟು ಹಾಕಲಿ. ಹನ್ನೆರಡೂವರೆಗೆ ಶುರು. ಎರಡು ಗಂಟೆ ದಾಟಿದರೆ ಪಲ್ಯ ಮುಗಿದು ಬರೀ ಸಾರು ಉಳಿದಿರುತ್ತೆ, ಅದಕ್ಕೆ ಮೊದಲೇ ಹೋಗಿ. ಗಾಡಿ ನಿಲ್ಲಿಸಲು ಓಣಿಯಲ್ಲಿ ಜಾಗ ಇಲ್ಲ, ನಡೆದೇ ಬನ್ನಿ. ಕೈ ತೊಳೆಯುವ ಕಡೆ ನೆಲ ಜಾರುತ್ತೆ, ವಯಸ್ಸಾದವರನ್ನು ಕೈ ಹಿಡಿದು ಕರೆದುಕೊಂಡು ಹೋಗಿ. ಸೋಮವಾರ ರಜೆ.